ಹಂಚಿದ ಮಾತ್ರೆ, ನುಂಗಿದ ಮಾತ್ರೆ

ದಕ್ಷಿಣ ಕೊಡಗಿನ ಒಂದು ಉಪಕೇಂದ್ರದಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದ ನಮ್ಮ ಹುದ್ದೆಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರು ಬಂದಿದೆಯಾದರೂ ಕಾಫಿ ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್‌ಮನೆಯವರಿಗೂ ಬುಡಕಟ್ಟು ಜನರ ಹಾಡಿಯವರಿಗೂ ನಾನು ‘ಸಿಸ್ಟರ್’ ಮಾತ್ರ. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನರಿಗೆ ಒಂದು ಎಂಬುದು ಸರ್ಕಾರದ ಲೆಕ್ಕ. ಆ ಲೆಕ್ಕದಲ್ಲಿ ತಲೆಗಳನ್ನು ಎಣಿಸಿದ್ದಾರೆಯೇ ಹೊರತು ಒಂದು ಲೈನಿನಿಂದ ಇನ್ನೊಂದಕ್ಕೆ ಇಳಿದು ಹತ್ತುವ ತೋಟದ ದಾರಿಯನ್ನಲ್ಲ. ಮಳೆಗಾಲದ ಜಿಗಣೆಗಳನ್ನಂತೂ ಯಾರೂ ಎಣಿಸಲಾರರು.

ಗರ್ಭಿಣಿಯರಿಗೆ ನಾವು ಕೊಡುವ ಕೆಂಪು ಬಣ್ಣದ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಅದನ್ನು ತೆಗೆದುಕೊಳ್ಳಬೇಕು. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೂ 7ಕ್ಕಿಂತ ಇಳಿದರೆ ತೀವ್ರವೆಂದೂ ಪರಿಗಣಿಸಿ ಆಸ್ಪತ್ರೆಗೆ ಕಳುಹಿಸುತ್ತೇವೆ. ಇದೆಲ್ಲ ತರಬೇತಿಯಲ್ಲಿ ಕಲಿತದ್ದು, ಬಾಯಿಪಾಠವಾಗಿತ್ತು.

ಒಂದು ಲೈನಿನಲ್ಲಿ ಎರಡನೆಯ ಬಾರಿ ಬಸುರಿಯಾಗಿದ್ದ ಹೆಂಗಸೊಬ್ಬಳಿಗೆ ಐದನೆಯ ತಿಂಗಳಲ್ಲಿ 8.6 ಇತ್ತು. ಏಳನೆಯ ತಿಂಗಳಲ್ಲಿ ನೋಡಿದಾಗ 8.4. ‘ಮಾತ್ರೆ ತಗೊಳ್ತಾ ಇದ್ದೀಯಾ?’ ಎಂದರೆ ಪ್ರತಿಸಲವೂ ‘ಹೂಂ ಸಿಸ್ಟರ್’ ಎನ್ನುತ್ತಿದ್ದಳು. ಕಕ್ಕಡ ಮಾಸದ ಒಂದು ಮಧ್ಯಾಹ್ನ ಮಳೆ ಬಿಡದೆ ಹೊಯ್ಯುತ್ತಿದ್ದಾಗ ನಾನು ಅವಳ ಮನೆಯೊಳಗೆ ಒಲೆಯ ಪಕ್ಕ ಕುಳಿತಿದ್ದೆ. ತಾಯಿ ಕಾರ್ಡ್ ತೋರಿಸಲೆಂದು ಅವಳ ಅತ್ತೆ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿ ಮುಚ್ಚಳ ತೆಗೆದರು. ಕಾರ್ಡಿನ ಕೆಳಗೆ, ನಾನೇ ಕೊಟ್ಟ ಮಾತ್ರೆಗಳ ಪಟ್ಟಿಗಳು ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಂತೆಯೇ ಇದ್ದವು. ಒಂದು ಪಟ್ಟಿಯಲ್ಲಿ ಮಾತ್ರ ನಾಲ್ಕು ಗುಳಿಗಳು ಖಾಲಿಯಾಗಿದ್ದವು. ಬಿಸಾಡಿರಲಿಲ್ಲ, ಜೋಪಾನ ಮಾಡಿದ್ದರು. ಅದೇ ನನಗೆ ಹೆಚ್ಚು ನಾಚಿಕೆಯೆನಿಸಿತು.

ನಾನು ಗದರಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವಳ ಅತ್ತೆಯೇ ಮಾತು ತೆಗೆದರು: ‘ಅದು ತಿಂದ್ರೆ ಹೊಟ್ಟೆ ತೊಳಸುತ್ತೆ ಸಿಸ್ಟರೇ, ಆಮೇಲೆ ಕಪ್ಪಗೆ ಹೋಗುತ್ತೆ, ಒಳಗಡೆ ರಕ್ತ ಒಡೆದಿದೆ ಅಂತ ಹೆದರಿ ಬಿಟ್ಟಳು.’ ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಆದರೆ ಅದನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಕೇಳುತ್ತಾ ಹೋದ ಮೇಲೆ ಇನ್ನೊಂದು ಸಂಗತಿಯೂ ತಿಳಿಯಿತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಖಾಲಿ ಹೊಟ್ಟೆಯಲ್ಲಿ, ಬೆಲ್ಲ ಹಾಕಿದ ಕರಿಕಾಫಿಯ ಜೊತೆ ಅವಳು ಮಾತ್ರೆ ನುಂಗುತ್ತಿದ್ದಳು. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆ ವಾಕರಿಕೆ ತರುತ್ತದೆ, ಕಾಫಿಯಾದರೋ ಇದ್ದ ಕಬ್ಬಿಣವನ್ನೂ ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿಯ ಬಗ್ಗೆ ಎಚ್ಚರಿಸಲು ಮರೆತ ನರ್ಸ್ ನಾನೊಬ್ಬಳೇ ಇರಲಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ರಾತ್ರಿ ಊಟವಾದ ಮೇಲೆ ಕೆಂಪು ಮಾತ್ರೆ, ಅದರ ಜೊತೆ ಬೆರೆಸದೆ ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ ಎಂದು ಬದಲಿಸಿದೆವು. ನಿಂಬೆ, ನೆಲ್ಲಿ, ಕಿತ್ತಳೆಯ ಹುಳಿ ಕಬ್ಬಿಣ ಹತ್ತುವುದಕ್ಕೆ ನೆರವಾಗುತ್ತದೆ. ಕೊಡಗಿನಲ್ಲಿ ಇವುಗಳಿಗೇನೂ ಬರವಿಲ್ಲ. ನಮ್ಮ ಆಶಾ ಕಾರ್ಯಕರ್ತೆ ಇನ್ನೊಂದು ಉಪಾಯ ಸೂಚಿಸಿದಳು: ಮಾತ್ರೆ ನುಂಗಿದ ರಾತ್ರಿ ಬಾಗಿಲ ಹಿಂದೆ ಇದ್ದಿಲಿನಲ್ಲಿ ಒಂದು ಗೀಟು ಎಳೆಯಬೇಕು, ಹೊಸ ಪಟ್ಟಿ ಬೇಕಾದರೆ ಖಾಲಿ ಪಟ್ಟಿ ತಂದು ಕೊಡಬೇಕು.

ಇನ್ನೊಂದು ತೊಡಕು ಸಮಯದ್ದು. ಉಪಕೇಂದ್ರ ತೆರೆದಿರುವ ಹೊತ್ತೂ ತೋಟದ ಕೆಲಸದ ಹೊತ್ತೂ ಒಂದೇ ಆದ್ದರಿಂದ ತಪಾಸಣೆಗೆ ಬಂದವಳಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಕೂಲಿ ಬಿಟ್ಟು ಬಾ ಎನ್ನುವುದು ಸಂಬಳ ಬರುವವರಿಗೆ ಸುಲಭದ ಮಾತು. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕುವಾಗ ಎಲ್ಲರೂ ಕಣದಲ್ಲಿ ಸೇರುತ್ತಾರೆಂಬುದನ್ನು ಗಮನಿಸಿ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಬಳಿ ಮಾತನಾಡಿದೆ. ಅಂದಿನಿಂದ ತಕ್ಕಡಿಯ ಪಕ್ಕದಲ್ಲೇ ಒಂದು ಬೆಂಚು ಹಾಕಿ ಬೆರಳು ಚುಚ್ಚಿ ರಕ್ತ ನೋಡುತ್ತೇನೆ. ಕತ್ತಲಾಗುವ ಮೊದಲು ಹೊರಡಲೇಬೇಕು, ಏಕೆಂದರೆ ಅದೇ ದಾರಿಯಲ್ಲಿ ಆನೆಗಳಿಗೂ ಓಡಾಟವಿದೆ.

ಹಾಡಿಯ ಕಥೆ ಬೇರೆ. ಎರವರು ಮತ್ತು ಕುರುಬರ ಹಾಡಿಗಳಲ್ಲಿ ರಕ್ತ ಕಡಿಮೆ ಎಂದೊಡನೆ ಕಬ್ಬಿಣ ಕೊಡಲು ಹೊರಡಬಾರದು, ಅಲ್ಲಿ ಸಿಕಲ್ ಸೆಲ್ ಕಾಯಿಲೆ ಇರಬಹುದು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ತಡೆಯಲಾರದ ನೋವು ಬರುತ್ತದೆ, ಚಳಿಗೆ ಅದು ಕೆರಳುವುದೂ ಉಂಟು. ಪ್ರತಿ ಮಳೆಗಾಲದಲ್ಲೂ ಕೈಕಾಲು ನೋವೆಂದು ಅಳುತ್ತಿದ್ದ ಹುಡುಗನಿಗೆ ಶೀತವೆಂದೇ ಎಣ್ಣೆ ತಿಕ್ಕುತ್ತಿದ್ದರು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನವರ ರಕ್ತ ಪರೀಕ್ಷೆಗೆ ನಾವು ಹೋದಾಗ ಅವನ ತಾತ ಕೇಳಿದ್ದು ಒಂದೇ ಪ್ರಶ್ನೆ: ‘ನಮ್ಮ ಜನದ ರಕ್ತವೇ ಕೆಟ್ಟದ್ದು ಅಂತೀರಾ?’ ಇದರ ವಂಶವಾಹಿ ತಂದೆ ತಾಯಿ ಇಬ್ಬರಿಂದಲೂ ಬಂದರೆ ಕಾಯಿಲೆ; ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬದಲಿಗೆ ಮಲೇರಿಯಾ ಉಲ್ಬಣವಾಗದಂತೆ ಅದೇ ಕಾಪಾಡುತ್ತದೆ, ಮಲೇರಿಯಾ ಇದ್ದ ಕಾಡುಗಳಲ್ಲಿ ಬಾಳಿದವರಲ್ಲಿ ಅದು ಉಳಿದುಬಂದಿದೆ ಎಂದು ವಿವರಿಸಲು ನನಗೆ ಒಂದು ಗಂಟೆ ಹಿಡಿಯಿತು. ಮೊದಲು ಕೈ ಚಾಚಿದವರು ಆ ತಾತನೇ. ವಯಸ್ಸು ಮೀರಿದೆ ಎಂದರೂ ಕೇಳಲಿಲ್ಲ.

ತಿಂಗಳ ಸಭೆಯಲ್ಲಿ ಮೇಲಿನವರೊಬ್ಬರಿಗೆ ಡಬ್ಬಿಯ ಕಥೆ ಹೇಳಿದೆ. ‘ಹಂಚಿದ್ದೀರಲ್ಲ, ಅಷ್ಟು ಬರೆಯಿರಿ’ ಎಂದರು. ನಮ್ಮ ವರದಿಯಲ್ಲಿ ಹಂಚಿದ ಮಾತ್ರೆಗೆ ಕಾಲಂ ಇದೆ, ನುಂಗಿದ ಮಾತ್ರೆಗೆ ಇಲ್ಲ. ಅದಕ್ಕಾಗಿ ನಾನು ಬೇರೊಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಅದರ ಮೊದಲ ಪುಟದಲ್ಲಿ ಆ ಹೆಂಗಸಿನ ಲೆಕ್ಕವಿದೆ: ಒಂಬತ್ತನೆಯ ತಿಂಗಳಲ್ಲಿ 10.1, ಬಾಗಿಲ ಹಿಂದೆ 52 ಗೀಟು.