ಸ್ನೇಕ್ ಪ್ಲಾಂಟ್ ಸಾಯೋದು ಬಾಯಾರಿ ಅಲ್ಲ

ಸ್ನೇಕ್ ಪ್ಲಾಂಟ್ ಒಣಗಿ ಸಾಯೋದು ಅಪರೂಪ, ಕೊಳೆತು ಸಾಯೋದೇ ಹೆಚ್ಚು. ದಪ್ಪ ಎಲೆ, ಮಣ್ಣೊಳಗಿನ ಗೆಡ್ಡೆಯಂಥ ಕಾಂಡ, ಎರಡರಲ್ಲೂ ನೀರು ಕೂಡಿಟ್ಟಿರುತ್ತೆ. ಹಾಗಾಗಿ ವಾರಕ್ಕೊಮ್ಮೆ ಅನ್ನೋ ಲೆಕ್ಕ ಬಿಟ್ಟು ಬೆರಳನ್ನು 2 ಇಂಚು ಇಳಿಸಿ ನೋಡಿ. ಅಲ್ಲೂ ಒಣಗಿದ್ದರೆ ಮಾತ್ರ ನೀರು, ಅದೂ ಕುಂಡದ ತೂತಿನಿಂದ ಇಳಿಯುವಷ್ಟು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಎಲೆಗಳ ನಡುವಿನ ಸುಳಿಗೆ ಸುರಿಯಬೇಡಿ.

ಬುಡ ಹಳದಿಯಾಗಿ ಮೆತ್ತಗಾಯ್ತಾ? ಬೇರು ಕೊಳೆತಿದೆ. ಗಿಡ ಕಿತ್ತು, ಕಪ್ಪಾದ ಬೇರು ಕತ್ತರಿಸಿ, 2 ದಿನ ನೆರಳಲ್ಲಿ ಆರಲು ಬಿಟ್ಟು, ಅರ್ಧಕ್ಕರ್ಧ ದಪ್ಪ ಮರಳು ಬೆರೆಸಿದ ಹೊಸ ಮಣ್ಣಿಗೆ ನೆಡಿ. ಅಕ್ಕರೆ ಜಾಸ್ತಿಯಾದರೂ ಕಷ್ಟವೇ ನೋಡಿ!

ಅಂದಹಾಗೆ, ಹಳದಿ ಅಂಚಿನ ಎಲೆ ತುಂಡರಿಸಿ ನೆಟ್ಟರೆ ಹುಟ್ಟುವ ಮರಿಗೆ ಆ ಅಂಚು ಬರೋದಿಲ್ಲ. ಅಂಚು ಬೇಕಿದ್ದರೆ ಬುಡದ ಮರಿಯನ್ನೇ ಬೇರ್ಪಡಿಸಿ ನೆಡಬೇಕು.