ಜೀಪಿನ ಟ್ಯಾಂಕಿಗೆ ಸೀಲರ್ ಹಾಕುವ ಮುಂಚೆ

ಪೆಟ್ರೋಲ್ ಟ್ಯಾಂಕಿಗೆ ತುಕ್ಕು ಹಿಡಿದಿದೆ ಅಂದ ಕೂಡಲೇ ಹಳೇ ಗಾಡಿಯವರೆಲ್ಲ ಕೇಳುವ ಮೊದಲ ಪ್ರಶ್ನೆ, ಯಾವ ಸೀಲರ್ ಒಳ್ಳೇದು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಸೀಲರ್ ಅಂದರೆ ಟ್ಯಾಂಕಿನ ಒಳಗೆ ಬಳಿಯುವ ಪೇಂಟು, ಅಷ್ಟೇ. ಕೆಳಗಿನ ತಗಡು ಹೇಗಿದೆಯೋ ಅದರ ಮೇಲೆ ಅದರ ಆಯುಷ್ಯ. ತಗಡು ಗಟ್ಟಿಯಾಗಿದ್ದು ಮೇಲೆ ಮೇಲೆ ತುಕ್ಕು ಬಂದಿದ್ದರೆ ತೊಳೆದು ಒಣಗಿಸಿ ಪೆಟ್ರೋಲ್ ತುಂಬಿಸಿಡಿ, ಸೀಲರ್ ಬೇಕಾಗೇ ಇಲ್ಲ.

ನಮ್ಮದು ಮಹೀಂದ್ರ ಸಿಜೆ-3ಬಿ ಜೀಪು, ಪೆಟ್ರೋಲ್ ಹರಿಕೇನ್ ಎಂಜಿನ್. ಕಾಕಾ ಅದನ್ನು ಖಾನಾಪುರದ ಹೊಲಕ್ಕೆ ಓಡಿಸುತ್ತಿದ್ದರು, ಆಮೇಲೆ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತು, ಅದೂ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟುಕೊಂಡು. ಅರ್ಧ ಖಾಲಿ ಟ್ಯಾಂಕಿಗೆ ಕಂಟಕ ಮೇಲಿನ ಅರ್ಧದಲ್ಲಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ತೇವದ ಗಾಳಿ ಒಳಗೆ ಬರುತ್ತದೆ, ಆ ತೇವ ಮೇಲಿನ ತಗಡಿಗೆ ಹನಿಯಾಗಿ ಅಂಟುತ್ತದೆ. ಖಾನಾಪುರದ ಮಳೆಗಾಲ ಗೊತ್ತಲ್ಲ, ತಿಂಗಳುಗಟ್ಟಲೆ ಬಟ್ಟೆಯೇ ಒಣಗುವುದಿಲ್ಲ. ಹೀಗಾಗಿ ಟಾರ್ಚ್ ಬಿಟ್ಟು ತಳ ನೋಡಿ "ಚೊಲೋ ಐತಿ" ಅಂದುಬಿಟ್ಟರೆ ಆಗುವುದಿಲ್ಲ. ಬಾಯಿಯಿಂದ ಒಂದು ಸಣ್ಣ ಕನ್ನಡಿ ಇಳಿಸಿ ಮೇಲ್ಭಾಗ ನೋಡಬೇಕು.

ಗಾಡಿ ಓಡುವಾಗಲೇ ಈ ರೋಗ ಗೊತ್ತಾಗುತ್ತದೆ. ಸಪಾಟು ರಸ್ತೆಯಲ್ಲಿ ಸರಿ ಹೋಗುತ್ತದೆ, ಏರು ಬಂತು, ಆ್ಯಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ. ಬಹಳ ಜನ ಕಾಯಿಲ್ ಬದಲಿಸುತ್ತಾರೆ, ಕಾರ್ಬುರೇಟರ್ ಬಿಚ್ಚುತ್ತಾರೆ. ನಿಜಕ್ಕೂ ಆಗುವುದೇನೆಂದರೆ, ಪಂಪ್ ಎಳೆದಾಗ ತುಕ್ಕಿನ ಚೂರುಗಳು ಟ್ಯಾಂಕಿನೊಳಗಿನ ಪೈಪಿನ ಬಾಯಿಗೆ ಬಂದು ಕೂರುತ್ತವೆ, ಎಂಜಿನ್ ನಿಂತ ಮೇಲೆ ಎಳೆತ ಇಲ್ಲದೆ ಕೆಳಗೆ ಉದುರುತ್ತವೆ. ಆಮೇಲೆ ಮತ್ತೆ ಅದೇ ಕತೆ.

ಈ ಜೀಪಿನಲ್ಲಿ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಅಂದರೆ ನೀವು ಪೆಟ್ರೋಲ್ ಮೇಲೆ ಕೂತು ಓಡಿಸುತ್ತೀರಿ. ಒಂದು ಸಣ್ಣ ತೂತನ್ನೂ "ಇರಲಿ ಬಿಡು" ಅನ್ನುವ ಹಾಗಿಲ್ಲ. ಬಿಚ್ಚುವುದು ಸುಲಭ, ಬೋಲ್ಟು ಮುರಿಯದಿದ್ದರೆ. ಬಿಚ್ಚುವ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಇನ್ನೊಂದು ಮಾತು, ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಉರಿಯುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಅದು ಸುಮಾರು 1.4ರಿಂದ 7.6 ಶೇಕಡಾ ಬೆರೆತರೆ ಒಂದು ಕಿಡಿ ಸಾಕು. ಖಾಲಿ ಟ್ಯಾಂಕಿನಲ್ಲಿ ಅಷ್ಟು ಆವಿ ಆರಾಮಾಗಿ ಉಳಿದಿರುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗುತ್ತದೆ. ಹಿತ್ತಲಲ್ಲಿ ಮಾಡಿ, ಅಡುಗೆಮನೆ ಹತ್ತಿರ ಬೇಡ.

ಬೆಳಗಾವಿಯಲ್ಲಿ ಇರುವ ಅನುಕೂಲ ಅಂದರೆ ಉದ್ಯಮಬಾಗ. ಫೌಂಡ್ರಿ, ಮಷೀನ್ ಶಾಪ್, ಪೌಡರ್ ಕೋಟಿಂಗ್, ಎಲ್ಲ ಒಂದೇ ಕಡೆ. ಪೌಡರ್ ಕೋಟಿಂಗಿನವರ ಹತ್ತಿರ ಒಮ್ಮೆ ನಿಂತು ನೋಡಿ. ಅವರು ಸೆವೆನ್ ಟ್ಯಾಂಕ್ ಪ್ರೊಸೆಸ್ ಅನ್ನುತ್ತಾರೆ. ಮೊದಲು ಎಣ್ಣೆ ಜಿಡ್ಡು ತೆಗೆಯುವ ತೊಟ್ಟಿ, ಆಮೇಲೆ ತುಕ್ಕು ತೆಗೆಯುವುದು, ಫಾಸ್ಫೇಟಿಂಗ್ (ಪೇಂಟಿಗೆ ಹಿಡಿತ ಸಿಗಲು ಫಾಸ್ಫೇಟ್ ಪದರ ಕೂರಿಸುವುದು), ನಡುನಡುವೆ ನೀರಲ್ಲಿ ತೊಳೆಯುವುದು, ಒಣಗಿಸುವುದು, ಇಷ್ಟೆಲ್ಲ ಆದ ಮೇಲೆ ಪೇಂಟು. ಒಂದು ತಪ್ಪಿದರೂ ಪೇಂಟು ಎದ್ದು ಬರುತ್ತದೆ. ಪೆಟ್ರೋಲ್ ಟ್ಯಾಂಕಿಗೂ ಇದೇ ಕ್ರಮ. ಆದರೆ ಸೀಲರ್ ಹಾಕುವವರು ಬಹಳ ಸಲ ನೇರ ಕೊನೆ ತೊಟ್ಟಿಗೆ ಜಿಗಿಯುತ್ತಾರೆ.

ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ, ಸೋಪಿನ ಪುಡಿ. ಹಳೇ ಪೆಟ್ರೋಲ್ ಒಣಗಿ ಅಂಟಿನಂತೆ ಕೂತಿರುತ್ತದೆ, ಅದು ಇರುವವರೆಗೆ ಯಾವ ಆ್ಯಸಿಡ್ ಕೂಡ ತುಕ್ಕಿಗೆ ತಾಗುವುದಿಲ್ಲ. ಆಮೇಲೆ ಉದುರುವ ತುಕ್ಕನ್ನು ಉದುರಿಸಬೇಕು. ಒಳಗೆ ಚೂಪಾದ ಜಲ್ಲಿಯನ್ನೋ ನಟ್ಟುಗಳನ್ನೋ ಹಾಕಿ ಅಲ್ಲಾಡಿಸುತ್ತಾರೆ. ನಟ್ಟು ಹಾಕುವುದಾದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಚೈನ್ ಹಾಕಬಹುದು, ಆದರೆ ಒಳಗೆ ಪೆಟ್ರೋಲ್ ತುಳುಕದಿರಲು ಅಡ್ಡ ತಗಡು ಇದ್ದರೆ ಚೈನ್ ಅದಕ್ಕೆ ಸಿಕ್ಕಿಬೀಳುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಭುಜ ಹೋಗುತ್ತದೆ. ನಮ್ಮ ಕಡೆ ರೈತರ ಉಪಾಯ ಚೆನ್ನಾಗಿದೆ. ಟ್ಯಾಂಕಿಗೆ ಹಳೇ ಕೌದಿ ಸುತ್ತಿ, ಜಾಕ್ ಹಚ್ಚಿ ಎತ್ತಿದ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಬಿಗಿದು ಕಟ್ಟಿ, ಸಣ್ಣ ಗೇರಿನಲ್ಲಿ ತಿರುಗಿಸುವುದು. ಉಳಿದ ಗಾಲಿಗಳಿಗೆ ಕಲ್ಲು ಕೊಡಲೇಬೇಕು, ಮಕ್ಕಳನ್ನು ದೂರ ಓಡಿಸಬೇಕು.

ಉಳಿದ ತುಕ್ಕಿಗೆ ಏನು ಹಾಕಬೇಕು ಅನ್ನುವುದರಲ್ಲೇ ಜಗಳ ಜಾಸ್ತಿ. ಕೆಲವರು ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ, ಅದು ಹೈಡ್ರೋಕ್ಲೋರಿಕ್. ನಾನು ವಿಚಾರಿಸಿದ ರೇಡಿಯೇಟರ್ ರಿಪೇರಿಯ ಚಾಚಾ ಒಂದೇ ಮಾತಲ್ಲಿ ಮುಗಿಸಿದರು: "ಅದನ್ನ ಹಾಕಬ್ಯಾಡ್ರಿ. ತುಕ್ಕ ತಿಂತೈತಿ, ತಗಡಾನೂ ತಿಂತೈತಿ." ನಿಜ. ಜೊತೆಗೆ ಹಳೇ ಟ್ಯಾಂಕುಗಳ ತಗಡಿಗೆ ಸೀಸ-ತವರದ ಲೇಪ ಇರುವುದುಂಟು, ಜೋಡಣೆಗೆ ಬೆಸುಗೆಯೂ ಇರುತ್ತದೆ. ಇಂಥ ಜೋರು ಆ್ಯಸಿಡ್ ಅದನ್ನೂ ಬಿಡುವುದಿಲ್ಲ. ನಾನು ಹಾಕಿದ್ದು ಸಿಟ್ರಿಕ್ ಆ್ಯಸಿಡ್, ಅದೇ ನಿಂಬೆ ಉಪ್ಪು. ರವಿವಾರ ಪೇಟೆಯ ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಲೀಟರ್ ಬಿಸಿನೀರಿಗೆ 50 ಗ್ರಾಂ, ಅಂದರೆ 40 ಲೀಟರ್ ಟ್ಯಾಂಕಿಗೆ 2 ಕಿಲೋ. ಬಾಯಿ ಮಟ್ಟ ತುಂಬಬೇಕು, ಯಾಕೆಂದರೆ ತುಕ್ಕು ಇರುವುದೇ ಮೇಲೆ. ಒಂದು ದಿನ ಬಿಟ್ಟು ನೋಡಿ, ಬೇಕಿದ್ದರೆ ಹೊಸ ನೀರು ಮಾಡಿ. ತಗಡು ಬೂದು ಬಣ್ಣಕ್ಕೆ ಬಂತೋ, ತೆಗೆದುಬಿಡಿ, ಸುಮ್ನೆ ಬಿಟ್ಟರೆ ಒಳ್ಳೇ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ಹಳೇ ನೀರಿನಲ್ಲಿ ಸೀಸ ಇರಬಹುದು, ಗಿಡದ ಬುಡಕ್ಕೋ ಬಾವಿ ಹತ್ತಿರವೋ ಚೆಲ್ಲಬೇಡಿ.

ಬ್ಯಾಟರಿ ಚಾರ್ಜರ್ ಹಚ್ಚಿ ಸೋಡಾ ನೀರಿನಲ್ಲಿ ಕರೆಂಟ್ ಹರಿಸುವ ಪದ್ಧತಿಯೂ ಇದೆ, ಟ್ಯಾಂಕಿಗೆ ಮೈನಸ್, ಒಳಗೆ ತೂಗುಬಿಟ್ಟ ಸಾದಾ ಕಬ್ಬಿಣದ ಸರಳಿಗೆ ಪ್ಲಸ್. ತಗಡಿಗೆ ಏನೂ ಆಗುವುದಿಲ್ಲ, ಆದರೆ ಹೈಡ್ರೋಜನ್ ಬರುತ್ತದೆ, ಅದೂ ಕಿಡಿಗೆ ಹೊತ್ತಿಕೊಳ್ಳುವಂಥದ್ದೇ. ಸ್ಟೇನ್‌ಲೆಸ್ ಸ್ಟೀಲ್ ಸರಳು ಮಾತ್ರ ಇಡಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ.

ಈ ಇಡೀ ಕೆಲಸದ ಕಷ್ಟದ ಹೊತ್ತು ಇಲ್ಲಿಂದ ಮುಂದಿನ ಅರ್ಧ ಗಂಟೆ. ತೊಳೆದ ಬರಿ ಕಬ್ಬಿಣ ಗಾಳಿಗೆ ಸಿಕ್ಕರೆ ನಿಮಿಷಗಳಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ತೆಳು ಫಾಸ್ಫಾರಿಕ್ ಆ್ಯಸಿಡ್ ಆಡಿಸಬೇಕು. ಅದು ಕಬ್ಬಿಣದ ಮೇಲೆ ಫಾಸ್ಫೇಟ್ ಪದರ ಕೂರಿಸುತ್ತದೆ, ಸೀಲರ್‌ಗೆ ಹಿಡಿತವೂ ಸಿಗುತ್ತದೆ. ತೊಳೆದು, ಸ್ಪಿರಿಟ್ ಹಾಕಿ ಆಡಿಸಿ ಚೆಲ್ಲಿ, ಉಳಿದ ನೀರನ್ನು ಅದು ಎಳೆದುಕೊಂಡು ಹೋಗುತ್ತದೆ. ಸ್ಪಿರಿಟ್ ವಾಸನೆ ಪೂರ್ತಿ ಹೋದ ಮೇಲೆಯೇ ಬ್ಲೋವರ್ ಹಚ್ಚಿ. ಜೋಡಣೆಯ ಸಂದಿಗಳಲ್ಲಿ ಒಂದು ಹನಿ ಉಳಿದರೂ ಕೆಲವು ಸೀಲರ್ ಅಲ್ಲಿ ನೊರೆಗಟ್ಟಿ ಉಬ್ಬುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಫೆಬ್ರವರಿ, ಮಾರ್ಚ್ ಸರಿಯಾದ ಕಾಲ.

ತೊಳೆದಾದ ಮೇಲೆ ನಮ್ಮ ಟ್ಯಾಂಕಿನ ತಳದ ಜೋಡಣೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡವು. ಅಲ್ಲಿಯವರೆಗೆ ತುಕ್ಕೇ ಅವನ್ನು ಮುಚ್ಚಿಟ್ಟಿತ್ತು! ಸೈಕಲ್ ಪಂಪಿನಿಂದ ತುಸುವೇ ಗಾಳಿ ತುಂಬಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಜೋರಾಗಿ ಹೊಡೆಯಬೇಡಿ, ತಗಡು ಉಬ್ಬುತ್ತದೆ. ಚಾಚಾ ಬೆಸುಗೆ ಹಾಕಿಕೊಟ್ಟರು, ಅದಕ್ಕೂ ಮುಂಚೆ ಒಳಗೆಲ್ಲ ಮತ್ತೆ ಬಿಸಿನೀರು ಹಾಯಿಸಿದರು. ತೂತನ್ನು ಸೀಲರ್‌ನಿಂದಲೇ ಮುಚ್ಚಬಹುದಲ್ವಾ ಅಂದರೆ, ಸೀಟಿನ ಕೆಳಗಿನ ಟ್ಯಾಂಕಿಗೆ ನಾನು ಆ ಧೈರ್ಯ ಮಾಡುವುದಿಲ್ಲ. ಬೆಸುಗೆ ಹಾಕಿದ ಜಾಗವನ್ನು ಮತ್ತೆ ತೊಳೆದು ಒಣಗಿಸಿ, ಆಮೇಲೆ ಸೀಲರ್.

ಸೀಲರ್ ಕೊಳ್ಳುವಾಗ ಎಥೆನಾಲ್ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದೆಯಾ ನೋಡಿ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಈಗ ಹೆಚ್ಚಿನ ಬಂಕುಗಳಲ್ಲಿ ಅದೇ. ನಮ್ಮದೇ ಜಿಲ್ಲೆಯ ಕಬ್ಬಿನಿಂದ ತಯಾರಾಗುವ ಎಥೆನಾಲ್, ಬೇಡ ಅಂದರೆ ಕೇಳುವವರು ಯಾರು! ಅದು ನೀರನ್ನು ಎಳೆದುಕೊಳ್ಳುತ್ತದೆ, ನೀರು ಜಾಸ್ತಿಯಾದಾಗ ಎರಡೂ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕೆಲವು ಹಳೇ ಸೀಲರ್‌ಗಳು ಇದಕ್ಕೆ ಮೆತ್ತಗಾಗುತ್ತವೆ.

ಸುರಿಯುವುದು ಐದು ನಿಮಿಷದ ಕೆಲಸ. ಎಲ್ಲ ತೂತು ಮುಚ್ಚಿ, ನಿಧಾನ ಎಲ್ಲ ಮಗ್ಗುಲಿಗೆ ಹೊರಳಿಸಿ, ಉಳಿದದ್ದನ್ನು ಪೂರ್ತಿ ಹೊರಗೆ ಬಸಿಯಿರಿ. ತಳದಲ್ಲಿ ಮಡುಗಟ್ಟಿ ನಿಂತರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿರುತ್ತದೆ, ಮುಂದೆ ಹಾಳೆ ಹಾಳೆಯಾಗಿ ಏಳುತ್ತದೆ. ಪೆಟ್ರೋಲ್ ಹೊರಗೆ ಬರುವ ಪೈಪಿಗೆ ಗಾಳಿ ಊದಿ ತೆರೆದಿಡಿ. ಡಬ್ಬಿ ಎಷ್ಟು ದಿನ ಒಣಗಲು ಹೇಳುತ್ತದೋ ಅಷ್ಟು ದಿನ ಬಿಡಿ, ಭಾನುವಾರ ಗಾಡಿ ಓಡಿಸುವ ಆಸೆಗೆ ಬೀಳಬೇಡಿ.

ಟ್ಯಾಂಕ್ ಕೂರಿಸಿದ ಮೇಲೆ ಪೆಟ್ರೋಲ್ ಮೀಟರಿನ ಮುಳ್ಳು ಅಲ್ಲಾಡದಿದ್ದರೆ ಹೆದರಬೇಡಿ. ಟ್ಯಾಂಕಿನೊಳಗೆ ತೇಲಿ ಪೆಟ್ರೋಲ್ ಮಟ್ಟ ತಿಳಿಸುವ ಹಿತ್ತಾಳೆಯ ತೇಲುಬುಂಡೆ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಸದ್ದಾದರೆ ಅದೂ ತೂತು. ಅದು ಸರಿಯಿದ್ದರೆ ಅರ್ಥಿಂಗ್ ನೋಡಿ. ಸೀಲರ್, ಪೇಂಟು ಸ್ಕ್ರೂ ಕೂರುವ ಜಾಗಕ್ಕೆಲ್ಲ ಹರಡಿ ಕರೆಂಟಿಗೆ ಅಡ್ಡ ಬಂದಿರುತ್ತವೆ. ಒಂದು ತಂತಿ ಎಳೆದು ಚಾಸಿಗೆ ಕೊಟ್ಟರೆ ಆಯಿತು. ಕಾಕಾ ಇವತ್ತಿಗೂ ಮುಳ್ಳು ನಂಬುವುದಿಲ್ಲ, ಬಾಯಿಯಿಂದ ಕೋಲು ಅದ್ದಿ ನೋಡುತ್ತಾರೆ. ಕಟ್ಟಿಗೆ ಕೋಲು ಪರವಾಗಿಲ್ಲ, ಕಬ್ಬಿಣದ ಸರಳು ಹಾಕಬೇಡಿ ಕಾಕಾ, ಸೀಲರ್ ಗೀಚುತ್ತದೆ ಅಂತ ಹೇಳಿದ್ದೇನೆ.