ಬಾಗಿಲು ದಾಟಿ ಬಂದ ನಿಯಾಂಡರ್ತಾಲ್

ನಮ್ಮ ಹತ್ತಿರದ ಬಂಧುಗಳಾಗಿದ್ದು ಈಗ ಅಳಿದಿರುವ ಆದಿಮಾನವರಾದ ನಿಯಾಂಡರ್ತಾಲರು ಉಳಿದು, ನಾವು ಅಳಿದುಹೋದ ಭೂಮಿಯೊಂದನ್ನು ಕಲ್ಪಿಸಿಕೊಂಡು ಬರೆದ ಕಥೆಗಳನ್ನು ಓದುವಾಗ ನನಗೆ ಪದೇ ಪದೇ ಎದುರಾಗುವ ತಕರಾರು ಒಂದಿದೆ. ಅಲ್ಲಿನ ಮನುಷ್ಯರು ಒಂದೋ ಶುದ್ಧ ಒರಟರು, ಇಲ್ಲವೇ ಯುದ್ಧ, ದುರಾಸೆ ಏನನ್ನೂ ಅರಿಯದ ಸಾಧುಗಳು. ನಮಗೆ ಬುದ್ಧಿ ಹೇಳಿಸಲೆಂದೇ ಕರೆತಂದ ಈ ಸಾಧುಗಳು ನನಗೆ ಒರಟರಿಗಿಂತ ಹೆಚ್ಚು ಬೇಸರ ತರಿಸುತ್ತಾರೆ.

ಇಂಥ ಕಥೆಗಳ ಪಾತ್ರಗಳು ಆ ಜಗತ್ತಿನಿಂದ ನಮ್ಮ ಜಗತ್ತಿಗೆ ದಾಟುವ ಉಪಾಯದ ಬಗ್ಗೆ ನಾನು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಕ್ವಾಂಟಂ ಸಿದ್ಧಾಂತಕ್ಕೆ ಕೊಟ್ಟ, ಸಾಧ್ಯತೆಗಳೆಲ್ಲ ಬೇರೆ ಬೇರೆ ಜಗತ್ತುಗಳಾಗಿ ಕವಲೊಡೆಯುತ್ತವೆ ಎನ್ನುವ ವ್ಯಾಖ್ಯಾನವೇ ಇಂಥ ಹಲವು ಕಥೆಗಳ ಬಂಡವಾಳ. ಆದರೆ ಅದರಂತೆ ಹೋದರೆ ಕವಲೊಡೆದ ಜಗತ್ತುಗಳ ನಡುವೆ ಓಡಾಟ ಸಾಧ್ಯವಿಲ್ಲ. ಕಥೆಗೊಂದು ಬಾಗಿಲು ಬೇಕೆಂದು ಆ ಒಂದು ಸುಳ್ಳನ್ನು ಮನ್ನಿಸಬಹುದು. ಬಾಗಿಲು ದಾಟಿ ಬಂದವನ ವಿಷಯದಲ್ಲಿ ಮಾತ್ರ ಈ ರಿಯಾಯಿತಿ ಸಲ್ಲದು, ಏಕೆಂದರೆ ಅವನ ಮೂಳೆಗಳು ನಮ್ಮ ಕೈಗೆ ಸಿಕ್ಕಿವೆ.

ಅದೇ 1957ರಲ್ಲಿ ಇರಾಕಿನ ಶಾನಿದಾರ್ ಗುಹೆಯಲ್ಲಿ ದೊರೆತ ನಿಯಾಂಡರ್ತಾಲ್ ಗಂಡಸೊಬ್ಬನ ಅಸ್ಥಿಪಂಜರವನ್ನೇ ನೋಡಿ. ಆತನ ಬಲಗೈ ಸೊರಗಿಹೋಗಿತ್ತು, ಮೊಣಕೈಯಿಂದ ಕೆಳಗಿನ ಭಾಗ ಇರಲೇ ಇಲ್ಲ; ಮುಖದ ಎಡಭಾಗಕ್ಕೆ ಬಿದ್ದ ಪೆಟ್ಟಿನಿಂದ ಆ ಕಡೆಯ ಕಣ್ಣೂ ಬಹುಶಃ ಹೋಗಿತ್ತು. ಆದರೆ ಈ ಗಾಯಗಳೆಲ್ಲ ಸಾಯುವುದಕ್ಕೆ ಬಹಳ ಮೊದಲೇ ಮಾಗಿದ್ದವು. ಬೇಟೆಯಾಡಿ ಬದುಕುವ ಗುಂಪಿನಲ್ಲಿ ಇಂಥವನೊಬ್ಬ ಅಷ್ಟು ವರ್ಷ ಬಾಳಿದನೆಂದರೆ ಯಾರೋ ಆತನ ಪಾಲಿನ ಮಾಂಸವನ್ನು ತೆಗೆದಿಟ್ಟಿರಲೇಬೇಕು ಎಂದು ನನಗನ್ನಿಸುತ್ತದೆ. ಹಾಗೆಂದು ಅವರನ್ನು ಸಾಧುಗಳೆನ್ನಲಾಗದು. ಅವರದೇ ಕೆಲವು ನೆಲೆಗಳಲ್ಲಿ ಮನುಷ್ಯರ ಮೂಳೆಗಳನ್ನು ಒಡೆದು ಮಜ್ಜೆ ತೆಗೆದ ಗುರುತುಗಳೂ ಇವೆ. ಈ ಎರಡನ್ನೂ ಒಬ್ಬನೇ ಪಾತ್ರದೊಳಗೆ ಇಡಬಲ್ಲ ಲೇಖಕ ನನಗೆ ಬೇಕು.

ಅವರ ಸಂಖ್ಯೆಯನ್ನೂ ಕಥೆಗಾರರು ಮರೆಯುತ್ತಾರೆ. ಸೈಬೀರಿಯಾದ ಅಲ್ತಾಯ್ ಪರ್ವತದ ಡೆನಿಸೋವಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ ಹೆಣ್ಣೊಬ್ಬಳ ಡಿಎನ್‌ಎ ಹೇಳುವಂತೆ ಆಕೆಯ ತಂದೆತಾಯಿ ಹತ್ತಿರದ ರಕ್ತಸಂಬಂಧಿಗಳು. ಅಷ್ಟು ಸಣ್ಣ ಗುಂಪುಗಳಲ್ಲಿ ಬದುಕಿದವರ ಸಂತತಿ ಮಹಾನಗರಗಳನ್ನು ಕಟ್ಟಿತು ಎನ್ನುವವರು ಅದು ಹೇಗೆಂದು ಹೇಳಬೇಕಾಗುತ್ತದೆ.

ಅದೇ ಗುಹೆಯ ಎರಡು ಮೂರು ಸೆಂಟಿಮೀಟರ್ ಉದ್ದದ ಮೂಳೆಚೂರೊಂದು ಸುಮಾರು 90,000 ವರ್ಷಗಳ ಹಿಂದಿನ ಹುಡುಗಿಯದು. ಆಕೆಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ (ಈ ಗುಹೆಯಿಂದಲೇ ಹೆಸರು ಪಡೆದ, ಅಳಿದುಹೋದ ಇನ್ನೊಂದು ಮಾನವ ಗುಂಪಿನವನು) ಎಂಬುದು 2018ರಲ್ಲಿ ಪ್ರಕಟವಾಯಿತು. ಅವರಿಬ್ಬರು ಮೊದಲ ಸಲ ಎದುರುಬದುರಾದ ದಿನವನ್ನು ಯಾರಾದರೂ ಬರೆದರೆ, ಆ ಬಾಗಿಲಿನ ಸುಳ್ಳೂ ಬೇಕಾಗುವುದಿಲ್ಲ.